ಬೇವಿನ ಕಟ್ಟೆಯ ಮೆಂಬರು

ಇವತ್ತು ಎದ್ದವಳೇ ಅಂಗಳ ಗುಡಿಸಿ ನೀರು ಹೊಡೆದೆ. ಎಮ್ಮೆಗೆ ಹಿಂಡಿ ನೆನೆಸಿಟ್ಟೆ. ಜೋಳದ ಹಿಟ್ಟು ತೀರಿತ್ತು, ಗಿರಣಿಗೆ ಹೋಗಿ ಸಾಲಿನಲ್ಲಿ ನಿಂತು ಬೀಸಿಸಿಕೊಂಡು ಬಂದೆ. ರೊಟ್ಟಿ ಬಡಿದೆ. ಅತ್ತಿಯವರ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಈಗ ಕೂದಲು ಒಂದು ಹಿಡಿಯೂ ಇಲ್ಲ, ಆದರೂ ಬೈತಲೆ ನೆಟ್ಟಗೆ ಬರಬೇಕು ಅವರಿಗೆ. ಹುಣಸೆಹಣ್ಣು ಬಿಸಿಲಿಗೆ ಹರವಿದೆ. ನಮ್ಮ ಮನೆಯವರ ಚಪ್ಪಲಿಯ ಉಂಗುಟ ಕಿತ್ತಿತ್ತು, ಸಂತೆಯ ಮೂಲೆಗೆ ಒಯ್ದು ಹೊಲಿಸಿ ತಂದೆ. ಮಧ್ಯಾಹ್ನ ಅವರಿಗೆ ಮುನಸಿಪಾಲಿಟಿಯಲ್ಲಿ ಮೀಟಿಂಗ್ ಇತ್ತು. ಆಮೇಲೆ ಪಡಸಾಲೆಯ ಮೂಲೆಯಲ್ಲಿರುವ ರಾಟಿಯ ಧೂಳು ಒರೆಸಿದೆ. ಅದನ್ನು ಯಾರೂ ತಿರುಗಿಸುತ್ತಿಲ್ಲ. ಅದರ ಮುಂದೆ ಕೂಡುತ್ತಿದ್ದವರು ಹೋದ ವಾರ ತೀರಿಕೊಂಡರು.

ನನಗೆ ಅವರು ಸಣ್ಣತ್ತಿ. ನಮ್ಮ ಅತ್ತಿಯವರ ಒಡಹುಟ್ಟಿದ ತಂಗಿ. ನಮ್ಮ ಮನೆಯವರಿಗೆ ಚಿಗವ್ವ. ಊರಿಗೆಲ್ಲ ಮೆಂಬರವ್ವ. ಮುನಸಿಪಾಲಿಟಿಯ ಮೆಂಬರಕಿ ಅವರಿಗೆ ಇದ್ದದ್ದು ಒಂದೇ ಸಲ, ಅದೂ ನಾವು ಮುಂಬೈ ರಾಜ್ಯದಲ್ಲಿದ್ದ ಕಾಲದಲ್ಲಿ. ಆದರೆ ಆ ಹೆಸರು ಅವರಿಗೆ ಸಾಯುವ ತನಕ ಅಂಟಿಕೊಂಡಿತ್ತು.

ನೋಡಲು ಕುಳ್ಳಗೆ, ಗಟ್ಟಿ ಮೈ. ಮಗ್ಗದ ಸಪ್ಪಳದ ನಡುವೆ ಮಾತಾಡಿ ಬೆಳೆದ ಗಂಟಲು, ಗುಟ್ಟು ಹೇಳಿದರೂ ಆಚೆ ಓಣಿಗೆ ಕೇಳುತ್ತಿತ್ತು. ಗಂಡ ಹೋದ ಮೇಲೆ ಮಗ್ಗಗಳನ್ನು ತಾವೇ ನಡೆಸಿದರು. ಉಡುತ್ತಿದ್ದದ್ದು ಆ ಮಗ್ಗದ್ದೇ ತಪ್ಪು ಬಿದ್ದ ಸೀರೆ. ಎಲ್ಲೋ ಎಳೆ ಹಾರಿರುತ್ತಿತ್ತು, ದಡಿ ಒಂದು ಕಡೆ ಅಗಲ, ಒಂದು ಕಡೆ ಸಣ್ಣ. ಅಂಥ ಸೀರೆಯ ತಪ್ಪನ್ನು ಮಡಿಕೆಯ ಒಳಗೆ ಮುಚ್ಚಿ ರಬಕವಿಯ ವ್ಯಾಪಾರಸ್ಥರಿಗೆ ಸಾಗಿಸಿಬಿಡುವುದು ನಮ್ಮ ಕಡೆ ದೊಡ್ಡ ಮಾತೇನಲ್ಲ. ಸಣ್ಣತ್ತಿ ಮಾತ್ರ ಅದನ್ನು ಬಿಚ್ಚಿ ತಾವೇ ಉಟ್ಟುಕೊಳ್ಳುವರು. ಮದುವೆಗೆ ಹೋದರೂ ಅದೇ. ನಾನು ಹೊಸದಾಗಿ ಈ ಮನೆಗೆ ಬಂದಾಗ ಒಮ್ಮೆ, ಸೆರಗಿನಲ್ಲಿ ಎಳೆ ಹಾರಿದೆ ನೋಡ್ರಿ ಅಂದಿದ್ದೆ. ಅವರು ಸೆರಗು ಹಿಡಿದು ಬೆಳಕಿಗೆ ಒಡ್ಡಿ ತೋರಿಸಿದರು.

“ತಪ್ಪು ನೇಯ್ದಾಕಿ ಮೈಮ್ಯಾಲೆ ಇರಬೇಕವಾ. ರೊಕ್ಕಾ ಕೊಟ್ಟು ಕೊಂಡಾಕಿ ಮೈಮ್ಯಾಲೆ ಯಾಕ?”

ಚಪ್ಪಲಿ ಬಿಡುವುದರಲ್ಲೂ ಅವರದು ಒಂದು ರೀತಿ. ಯಾರ ಮನೆಗೆ ಹೋದರೂ ತುದಿ ಹೊರಗೆ ಮಾಡಿ ಬಿಡುತ್ತಿದ್ದರು. ಬರುವಾಗಲೇ ಹೊರಡುವ ಅವಸರವೇ ಎಂದು ಮಂದಿ ನಗುತ್ತಿದ್ದರು. ಇದು ಅವರ ಗಂಡನ ಮನೆಯ ರೂಢಿ, ಎದ್ದು ಹೊರಗೆ ಹೋಗಬೇಕಾದಾಗ ತಡವಾಗಬಾರದು ಎಂದು. ನೇಕಾರ ಓಣಿಯ ಹಿರಿಯರು ಗುಡಿಯ ಪಡಸಾಲೆಯಲ್ಲಿ ಪಂಚಾಯ್ತಿಗೆ ಕೂಡುವಾಗ ಒಂದು ಕಟ್ಟು ಇತ್ತು. ಯಾರ ಮನೆಯ ಮಾತು ಬರುತ್ತದೋ ಆ ಮನೆಯವರು, ಎಷ್ಟೇ ಹಿರಿಯರಿರಲಿ, ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂಡಬೇಕು. ಮಾತು ಮುಗಿದ ಮೇಲೆ ಕರೆಯುತ್ತಾರೆ, ಆಗ ಒಳಗೆ. ಸಣ್ಣತ್ತಿಯ ಗಂಡ ಆ ಪಂಚಾಯ್ತಿಯ ಮುಖ್ಯಸ್ಥರಲ್ಲೊಬ್ಬರು. ಅಣ್ಣತಮ್ಮಂದಿರ ಪಾಲಿನ ಜಗಳ ಬಂದ ದಿನ ಅವರು ಹೊರಗೆ ಕೂತರಂತೆ. ಪಾಲು ಅವರಿಗೇ ಕಡಿಮೆ ಬಂತಂತೆ. ಒಳಗೆ ಬಂದು ಎಲ್ಲರಿಗೂ ಎಲೆ ಅಡಿಕೆ ಕೊಟ್ಟರಂತೆ. ಇದನ್ನು ಸಣ್ಣತ್ತಿ ನನಗೆ ಎಷ್ಟು ಸಲ ಹೇಳಿದರೋ.

ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂತು. ಮುನಸಿಪಾಲಿಟಿಗೆ ಇಲೆಕ್ಷನ್ ಅಂದರು, ಹೆಣ್ಣುಮಕ್ಕಳಿಗೆ ಒಂದು ಜಾಗ ಮೀಸಲು ಅಂದರು. ನೂಲಿನ ಸಾವಕಾರರೊಬ್ಬರು ಊರಿಗೆಲ್ಲ ದೊಡ್ಡವರು, ಪ್ರೆಸಿಡೆಂಟರು ಆಗುವವರೂ ಅವರೇ ಎಂದು ಮೊದಲೇ ಗೊತ್ತಿತ್ತು. ಅವರು ಹುಡುಕಿ ಹುಡುಕಿ ಸಣ್ಣತ್ತಿಯನ್ನು ನಿಲ್ಲಿಸಿದರು. ತಮ್ಮ ಅಂಗಡಿಯಿಂದ ನೂಲು ಒಯ್ಯುವ ವಿಧವೆ, ಕೈ ಎತ್ತು ಅಂದರೆ ಎತ್ತುತ್ತಾಳೆ ಎಂಬ ಲೆಕ್ಕ. ಸಣ್ಣತ್ತಿಯೂ ಬೇಡ ಅನ್ನಲಿಲ್ಲ. ಗೆದ್ದು ಮೊದಲ ಮೀಟಿಂಗಿಗೆ ಎಳೆ ಹಾರಿದ ಸೀರೆ ಉಟ್ಟುಕೊಂಡೇ ಹೋದರು. ಬಾಗಿಲ ಹತ್ತಿರದ ಕುರ್ಚಿ ಕೊಟ್ಟರು. ಒಳ್ಳೆಯದೇ ಆಯಿತು, ಏಳಲು ಅನುಕೂಲ ಅಂದರಂತೆ. ಯಾರಿಗೂ ಅರ್ಥವಾಗಲಿಲ್ಲ.

ಅರ್ಥವಾದದ್ದು ಸ್ವಲ್ಪ ದಿನದ ಮೇಲೆ. ಮೆಂಬರರೊಬ್ಬರ ಮನೆ ಮುಂದಿನ ಜಾಗದ ತಕರಾರು ಮೀಟಿಂಗಿಗೆ ಬಂದಿತ್ತು. ಆ ಮೆಂಬರರು ಕೂತಲ್ಲೇ ಕೂತಿದ್ದಾರೆ, ತಮ್ಮದಕ್ಕೆ ತಾವೇ ಕೈ ಎತ್ತಲು ತಯಾರಾಗಿ. ಸಣ್ಣತ್ತಿ ಸೆರಗಿನ ತುದಿ ನಡುವಿಗೆ ಸಿಕ್ಕಿಸಿಕೊಂಡು, ಇವರು ಯಾಕೆ ಇನ್ನೂ ಒಳಗಿದ್ದಾರೆ ಎಂದು ಕೇಳಿದರು. ಎಲ್ಲರೂ ನಕ್ಕರು. ಇದು ನಿಮ್ಮ ಓಣಿ ಪಂಚಾಯ್ತಿ ಅಲ್ಲ ಬಾಯೀ, ಸರ್ಕಾರದ ಮುನಸಿಪಾಲಿಟಿ ಅಂದರು. ಚೀಫ್ ಆಫೀಸರು ಧಾರವಾಡದ ಕಡೆಯವರು, ಸಜ್ಜನ ಮನುಷ್ಯ. ಅವರು ಮೆಲ್ಲಗೆ, ಕಾಯ್ದೆಯ ಪ್ರಕಾರ ಸ್ವಂತದ ವಿಷಯಕ್ಕೆ ಕೈ ಎತ್ತುವ ಹಾಗಿಲ್ಲ, ಆದರೆ ಕೂತಿರಬಹುದು ಅಂದರು.

“ಕೈ ಎತ್ತದಿದ್ರೇನಾತರಿ, ಕುಂತಲ್ಲೆ ಒಬ್ಬೊಬ್ಬರ ಮುಖ ನೋಡತಾರಲ್ಲ,” ಅಂದರು ಸಣ್ಣತ್ತಿ. “ನೋಡಿಸಿಕೊಂಡವರು ಎತ್ತದ ಏನ ಮಾಡತಾರ?”

ಪ್ರೆಸಿಡೆಂಟರು ಮೀಸೆಯಲ್ಲೇ ನಕ್ಕು ಮಾತು ಮುಗಿಸಿದರು. “ಬಾಯೀ, ನಿಮ್ಮದು ಬಂದಾಗ ನೀವು ಎದ್ದು ತೋರಸ್ರಿ. ಆಮ್ಯಾಲೆ ನಮಗ ಹೇಳ್ರಿ.”

ಅವರದು ಬಂದೇ ಬಂತು. ಅದು ನಮ್ಮದೇ ಆಗಿತ್ತು.

ಆ ವರ್ಷ ನಮ್ಮ ಮನೆಯವರು ಹೊಳೆಯ ಘಟ್ಟದಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡಿದ್ದರು. ಎಲುಬು ಕೂಡಿತು, ಕಾಲು ಮಾತ್ರ ಮೊದಲಿನ ಹಾಗೆ ಮಡಚಲಿಲ್ಲ. ನಮ್ಮದು ಕುಣಿಮಗ್ಗ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ತುಳಿಯಬೇಕು. ಅದು ಆಗದು ಎಂದು ಡಾಕ್ಟರರು ಹೇಳಿಬಿಟ್ಟರು. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಅತ್ತಿ, ನಾನು. ಅಷ್ಟರಲ್ಲಿ ಜಕಾತಿ ನಾಕಾಕ್ಕೆ ಒಬ್ಬ ಕಾರಕೂನ ಬೇಕೆಂದು ಮುನಸಿಪಾಲಿಟಿಯವರು ಡಂಗುರ ಹೊಡೆಸಿದರು. ಊರೊಳಗೆ ಬರುವ ಸಾಮಾನಿನ ಬಂಡಿ ತಡೆದು ತೆರಿಗೆ ಬರೆದುಕೊಳ್ಳುವ ಕೆಲಸ. ಕೂತು ಮಾಡುವಂಥದ್ದು. ನಮ್ಮ ಮನೆಯವರಿಗೆ ಮರಾಠಿ, ಕನ್ನಡ ಎರಡೂ ಬರೆಯಲು ಬರುತ್ತಿತ್ತು. ಅರ್ಜಿ ಹಾಕಿದರು. ಇನ್ನೊಬ್ಬ ಹುಡುಗನೂ ಹಾಕಿದ್ದ, ಅವನೂ ನಮ್ಮಂಥ ಬಡವನೇ. ಯಾರಿಗೆ ಕೊಡಬೇಕು ಎಂಬುದು ಮೆಂಬರರು ಕೈ ಎತ್ತಿ ತೀರ್ಮಾನಿಸುವ ಮಾತು. ಅರ್ಧ ಮಂದಿ ಇತ್ತ, ಅರ್ಧ ಮಂದಿ ಅತ್ತ ಎಂದು ಊರಿಗೆಲ್ಲ ಗೊತ್ತಿತ್ತು.

ಮೀಟಿಂಗಿನ ಹಿಂದಿನ ದಿನ ಅತ್ತಿಯವರು ನನ್ನನ್ನು ಕರೆದುಕೊಂಡು ತಂಗಿಯ ಮನೆಗೆ ಹೋದರು. ಸಣ್ಣತ್ತಿ ನೂಲಿನ ಲಡಿ ಬಿಚ್ಚುತ್ತಿದ್ದರು. ನಮಗೆ ನೀರು ಕೊಟ್ಟರು, ಬೆಲ್ಲ ಕೊಟ್ಟರು. ಅತ್ತಿಯವರು ನೀರು ಕುಡಿದು ತಂಬಿಗೆ ಕೆಳಗಿಟ್ಟು, ನಾಳೆ ನಿನ್ನ ಕೈಯಾಗ ಐತಿ ನೋಡು ಅಂದರು.

“ನಾಳೆ ನಾ ಒಳಗ ಇರೂದಿಲ್ಲಕ್ಕಾ.”

“ಯಾಕ, ಎಲ್ಲಿಗೆ ಹೊಂಟಿ?”

“ಎಲ್ಲಿಗೂ ಇಲ್ಲ. ನಮ್ಮ ಮಾತು ಬರತೈತಿ, ಹೊರಗ ಕಟ್ಟಿಮ್ಯಾಲೆ ಕುಂದರತೀನಿ.”

ಅತ್ತಿಯವರು ಮೊದಲು ಇದನ್ನು ಚೇಷ್ಟೆ ಅಂದುಕೊಂಡರು. ಆಮೇಲೆ ತಂಗಿಯ ಮುಖ ನೋಡಿ ಧ್ವನಿ ಇಳಿಸಿದರು. “ಕೈ ಎತ್ತಬ್ಯಾಡ ಬಿಡು. ಒಳಗ ಕುಂತಿರು, ಅಷ್ಟ ಸಾಕು. ನಿನ್ನ ಮುಖ ನೋಡಿ ಮಂದಿ ಎತ್ತತಾರ.”

“ಅದಕ್ಕ ಕುಂದರೂದಿಲ್ಲ.”

“ಅವ್ವ ಹೊಲಕ್ಕ ಹೋದ್ರ ನಿನ್ನ ಬಗಲಾಗ ಎತಗೊಂಡು ತಿರಗೀನಿ ನಾ.”

“ತಿರಗೀಯವಾ. ಇಲ್ಲ ಅಂದವರ್ಯಾರು?” ಸಣ್ಣತ್ತಿಯ ದೊಡ್ಡ ಗಂಟಲು ಆಗ ಒಂದೇ ಸಲ ಸಣ್ಣದಾದದ್ದನ್ನು ನಾನು ಕೇಳಿದೆ. “ಅದಕ್ಕ ಹೇಳಾಕತ್ತೀನಿ. ಒಳಗ ಕುಂತರ ನನ್ನ ಕೈ ನನ್ನ ಮಾತು ಕೇಳೂದಿಲ್ಲ.”

ಅತ್ತಿಯವರು ಎದ್ದರು. ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡದೆ, “ನಿನ್ನ ಮನಿ ನೀರು ಇವತ್ತಿಗೆ ಮುಗೀತು ನನಗ,” ಅಂದರು. ಬೆಲ್ಲ ತಟ್ಟೆಯಲ್ಲೇ ಇತ್ತು.

ಮುನಸಿಪಾಲಿಟಿ ಕಚೇರಿಯ ಅಂಗಳದಲ್ಲಿ ದೊಡ್ಡ ಬೇವಿನ ಗಿಡ, ಅದಕ್ಕೊಂದು ಕಲ್ಲಿನ ಕಟ್ಟೆ. ಎದುರಿಗೇ ಊರ ನಳ. ಹೆಣ್ಣುಮಕ್ಕಳು ಕೊಡ ಹಚ್ಚಿ ನಿಂತರೆ ಕಟ್ಟೆಯ ಮೇಲೆ ಯಾರು ಕೂತಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತದೆ. ಕಚೇರಿಯ ಕಿಟಕಿಗಳೂ ಅತ್ತಲೇ ತೆರೆದಿರುವುದರಿಂದ ಒಳಗಿನ ಮಾತೂ ಕೇಳುತ್ತದೆ. ಆ ದಿನ ನನ್ನ ಕೊಡ ತುಂಬಲು ಬಹಳ ಹೊತ್ತು ಹಿಡಿಯಿತು. ನಮ್ಮ ಮನೆಯವರ ಹೆಸರು ಕೂಗಿದ್ದೇ ತಡ, ಸಣ್ಣತ್ತಿ ಹೊರಗೆ ಬಂದರು. ತುದಿ ಹೊರಗಿದ್ದ ಚಪ್ಪಲಿಯಲ್ಲಿ ಕಾಲು ತೂರಿಸಿ, ಕಟ್ಟೆಯ ಮೇಲೆ ಕೂತು, ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಒಳಗೆ ಕೈಗಳು ಎದ್ದವು, ಎಣಿಸಿದರು. ಒಂದು ಕೈ ಕಡಿಮೆ ಬಿತ್ತು. ಆ ಒಂದು ಕೈ ನನ್ನ ಕಣ್ಣೆದುರಿಗೆ ಎಲೆಗೆ ಸುಣ್ಣ ಹಚ್ಚುತ್ತಿತ್ತು. ಹಚ್ಚಿದ್ದಕ್ಕೇ ಮತ್ತೆ ಮತ್ತೆ ಹಚ್ಚುತ್ತಿತ್ತು, ಬಾಯಿಗೆ ಮಾತ್ರ ಹೋಗಲಿಲ್ಲ.

ನಾಕಾ ಆ ಇನ್ನೊಬ್ಬ ಹುಡುಗನಿಗೆ ಹೋಯಿತು.

ಊರು ಎರಡು ಭಾಗವಾಯಿತು. ಸ್ವಂತ ಅಕ್ಕನ ಮಗನ ಅನ್ನ ಕಳೆದಳು ಎಂದು ಬೈದವರೇ ಹೆಚ್ಚು. ನಮ್ಮ ಮನೆಯವರು ಮಾತ್ರ ಬೈಯಲಿಲ್ಲ, ಹೊಗಳಲೂ ಇಲ್ಲ. ಕುಂಟುತ್ತ ಹೋಗಿ ಮಗ್ಗದ ಹಗ್ಗ ಬಿಚ್ಚಿಟ್ಟು, ಬೇರೆಯವರ ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡಿಕೊಡುವ ಕೆಲಸ ಹಿಡಿದರು. ಅತ್ತಿಯವರು ಅಡುಗೆಮನೆಯಲ್ಲಿ ಕೂತು, ಇನ್ನು ಮುಂದೆ ಈ ಮನೆಯಲ್ಲಿ ಅವಳ ಹೆಸರು ಎತ್ತಕೂಡದು ಅಂದರು. ಸಣ್ಣತ್ತಿ ಮೀಟಿಂಗಿಗೆ ಹೋಗುವುದನ್ನು ಬಿಡುತ್ತಾರೆ, ಇಷ್ಟೆಲ್ಲ ಆದ ಮೇಲೆ ಯಾವ ಮುಖದಿಂದ ಹೋಗುತ್ತಾರೆ ಎಂದೇ ಎಲ್ಲರೂ ತಿಳಿದಿದ್ದರು.

ಮುಂದಿನ ಮೀಟಿಂಗಿನಲ್ಲಿ ಓಣಿಗಳಿಗೆ ಫರಸಿ ಕಲ್ಲು ಹಾಸುವ ಗುತ್ತಿಗೆ ಇತ್ತು. ಗುತ್ತಿಗೆಗೆ ನಿಂತವನು ಪ್ರೆಸಿಡೆಂಟರ ಹೆಂಡತಿಯ ತಮ್ಮ. ಸಣ್ಣತ್ತಿ ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲ ಕುರ್ಚಿಯಲ್ಲಿ ಕೂತಿದ್ದರಂತೆ. ಆ ವಿಷಯ ಓದಿದ ಕೂಡಲೇ ಎದ್ದು ನಿಂತರು. ನಳದ ಹತ್ತಿರ ಅವತ್ತು ಕೊಡಗಳಿಗಿಂತ ಹೆಣ್ಣುಮಕ್ಕಳು ಹೆಚ್ಚಿದ್ದೆವು.

“ಸಾವಕಾರ್ರ, ನಮ್ಮದು ಬಂದಾಗ ನಾ ಎದ್ದು ಹೋದೆ. ನಮ್ಮಕ್ಕನ ಮನಿ ಬಾಗಲಾ ಮುಚ್ಚಿಕೊಂಡು ಬಂದೀನಿ. ಈಗ ನಿಮ್ಮದು ಬಂದೈತಿ.”

ಪ್ರೆಸಿಡೆಂಟರು ನಕ್ಕರು. ಹೋದ ಸಲ ಅವರೊಡನೆ ನಕ್ಕವರು ಈ ಸಲ ನಗಲಿಲ್ಲ. ಅವರಿಗದು ಸ್ವಲ್ಪ ತಡವಾಗಿ ಗೊತ್ತಾಯಿತು. ನಾನೇ ಎದ್ದು ಹೋದರೆ ಮೀಟಿಂಗ್ ನಡೆಸುವವರು ಯಾರು ಎಂದು ಕೇಳಿದರು.

“ಉಪಾಧ್ಯಕ್ಷರು ಅದಾರಲ್ಲರಿ. ಅವರ ಬಾಯಿಗೇನು ಕೀಲಿ ಹಾಕೀರಿ?”

ಉಪಾಧ್ಯಕ್ಷರು ಕೆಮ್ಮಿದ್ದು ಹೊರಗಿನ ತನಕ ಕೇಳಿಸಿತು. ಪ್ರೆಸಿಡೆಂಟರು ಮುಂದಿನ ವಿಷಯಕ್ಕೆ ಹೋಗೋಣ ಅಂದರು. ಸಣ್ಣತ್ತಿ ಕೂಡಲಿಲ್ಲ. ಕೂಡ್ರಿ ಬಾಯೀ ಅಂದರು. ಕೂಡಲಿಲ್ಲ. ಕೂಗಾಡಲೂ ಇಲ್ಲ, ಸೆರಗಿನ ತುದಿ ನಡುವಿಗೆ ಸಿಕ್ಕಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇದ್ದರು. ಒಂದು ಹೆಣ್ಣು ನಿಂತಿರುವಾಗ ಕೂತು ಮಾತಾಡಲು ಒಬ್ಬೊಬ್ಬರಿಗೇ ಮುಜುಗರವಾಗತೊಡಗಿತು. ಚೀಫ್ ಆಫೀಸರು ಪೆನ್ನು ಕೆಳಗಿಟ್ಟರು. ಯಾವ ಮಾತೂ ಮುಂದೆ ಹೋಗಲಿಲ್ಲ. ಕೊನೆಗೆ ಪ್ರೆಸಿಡೆಂಟರು ಬೆತ್ತ ತೆಗೆದುಕೊಂಡು ದಡದಡನೆ ಹೊರಗೆ ಬಂದರು.

ಕಟ್ಟೆಯ ಮೇಲೆ ಕೂತರು. ಎದುರಿಗೆ ನಾವು. ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡು ಕೊಡದೊಳಗೆ ಇಣುಕುತ್ತಿದ್ದೆವು. ಎಣ್ಣೆ ಮಾರುವ ಮುದುಕಿಯೊಬ್ಬಳು, ಕಿವಿ ಮಂದ, ಏನು ನಡೆದಿದೆ ಎಂದು ಅವಳಿಗೆ ಗೊತ್ತಿಲ್ಲ. ಹತ್ತಿರ ಹೋಗಿ ಕಕ್ಕುಲಾತಿಯಿಂದ ಕೇಳಿದಳು, “ಯಾಕ್ರಿ ಸಾವಕಾರ್ರ, ಹೊರಗ ಕುಂತೀರಿ? ಇವತ್ತ ಯಾರದು?”

ಅವರು ಬೆತ್ತದಿಂದ ನೆಲ ಕೆದರುತ್ತ, “ನಮ್ಮ ಹೆಂಡತಿ ತಮ್ಮಂದು,” ಅಂದರು.

ಆ ಗುತ್ತಿಗೆ ಗಲಗಲಿ ಕಡೆಯವನೊಬ್ಬನಿಗೆ ಹೋಯಿತು. ಆ ಫರಸಿ ಈಗಲೂ ನಮ್ಮ ಓಣಿಯಲ್ಲಿದೆ. ನಮ್ಮ ಬಾಗಿಲ ಮುಂದಿನ ಒಂದು ಕಲ್ಲು ಅಲುಗಾಡುತ್ತದೆ, ಮಳೆಗಾಲದಲ್ಲಿ ಕಾಲಿಟ್ಟರೆ ನೀರು ಚಿಮ್ಮುತ್ತದೆ. ಉಳಿದವು ಗಟ್ಟಿ.

ಅಂದಿನಿಂದ ‘ಇವತ್ತ ಯಾರದು?’ ಎಂಬ ಮಾತು ಊರಿಗೆ ಹಿಡಿಯಿತು. ಮೀಟಿಂಗಿನ ದಿನ ನೀರಿಗೆ ಹೋಗುವುದು ಹೆಣ್ಣುಮಕ್ಕಳಿಗೆ ಒಂದು ಸಂಭ್ರಮವಾಯಿತು. ಕಟ್ಟೆಯ ಮೇಲೆ ಯಾರು ಕೂತಿದ್ದರು ಎಂಬ ಸುದ್ದಿ ರೊಟ್ಟಿ ಬಡಿಯುವ ಹೊತ್ತಿಗೆ ಎಲ್ಲ ಓಣಿಗೂ ಮುಟ್ಟುತ್ತಿತ್ತು. ಹಾಗೆ ಕೂಡಬೇಕಾಗುತ್ತದೆಂಬ ಅಂಜಿಕೆಗೇ ಕೆಲವರು ತಮ್ಮ ಮಂದಿಗೆ ಅರ್ಜಿ ಹಾಕಬೇಡಿ ಎಂದು ಹೇಳಿದ್ದೂ ಉಂಟು.

ಅತಿಯೂ ಆಯಿತು. ಊರೊಳಗೆ ಬರುವ ನೂಲಿನ ಮೇಲೆ ಜಕಾತಿ ಏರಿಸಬೇಕೋ ಬೇಡವೋ ಎಂಬ ಮಾತು ಬಂದ ದಿನ, ನನ್ನ ಮನೆಯಲ್ಲಿ ಮಗ್ಗವಿದೆ ಎಂದು ಮೊದಲು ಎದ್ದವರು ಸಣ್ಣತ್ತಿಯೇ. ನಮ್ಮದು ನೇಕಾರರ ಊರು. ಮಗ್ಗವಿದ್ದವರೆಲ್ಲ ಎದ್ದರು. ನೂಲು ಮಾರುವವರು ಎದ್ದರು. ಸೀರೆ ವ್ಯಾಪಾರದವರು ಎದ್ದರು. ಬಣ್ಣ ಹಾಕುವವರು ಎದ್ದರು. ಉಳಿದಿದ್ದ ವೈದ್ಯರೊಬ್ಬರು, ತಮ್ಮ ಮಾವನ ಮನೆಯಲ್ಲಿ ಮಗ್ಗವಿದೆ ಎಂದು ನೆನಪಾಗಿ ಓಡಿ ಬಂದರು. ಕಟ್ಟೆಯ ಮೇಲೆ ಜಾಗ ಸಾಲದೆ ಮೆಟ್ಟಿಲ ಮೇಲೂ ಕೂತರು. ಒಳಗೆ ಚೀಫ್ ಆಫೀಸರು, ಜವಾನ ಇಬ್ಬರೇ. ನಳದ ಹತ್ತಿರ ಯಾರೋ, ಮುನಸಿಪಾಲಿಟಿ ಬಿಸಲು ಕಾಯಿಸಾಕ ಬಂದೈತಿ ನೋಡ್ರೇ ಅಂದಳು. ಚೀಫ್ ಆಫೀಸರು ಕಿಟಕಿಯಿಂದ ತಲೆ ಹಾಕಿ, ಹೀಗಾದರೆ ನಾನೊಬ್ಬನೇ ಕೈ ಎತ್ತಲೇನು ಎಂದು ಕೇಳಿದರು. ಸಣ್ಣತ್ತಿ ಸುತ್ತಲೂ ನೋಡಿದರು, ತಮ್ಮ ಹುಚ್ಚುತನ ತಮಗೇ ಹೊಳೆದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಎದ್ದರು. “ಊರ ಹೊಟ್ಟಿ ಬ್ಯಾರೆ, ನಮ್ಮನಿ ಹೊಟ್ಟಿ ಬ್ಯಾರೆ. ಇದು ಊರ ಹೊಟ್ಟಿದು. ನಡೀರಿ ಒಳಗ.” ಕುರಿ ಹಿಂಡಿನ ಹಾಗೆ ಎಲ್ಲರೂ ಒಳಗೆ ಹೋದರು.

ಇದನ್ನೇ ಹಿಡಿದುಕೊಂಡು ಪ್ರೆಸಿಡೆಂಟರು ಜಮಖಂಡಿಗೆ ದೂರು ಒಯ್ದರು. ಈ ಬಾಯಿ ಸಭೆ ನಡೆಸಗೊಡುವುದಿಲ್ಲ ಎಂದು. ಅಲ್ಲಿಯ ದೊಡ್ಡ ಅಧಿಕಾರಿ ಪ್ರಾಂತ ಸಾಹೇಬರು ಜೀಪಿನಲ್ಲಿ ಬಂದರು. ಕೈಯಲ್ಲಿ ಕಾಯ್ದೆಯ ಪುಸ್ತಕ. ಹೊರಗೆ ಹೋಗಬೇಕು ಎಂದು ಯಾವ ಕಲಮಿನಲ್ಲಿದೆ, ತೋರಿಸಿ ಅಂದರು. ಸಣ್ಣತ್ತಿಗೆ ಕಲಮು ಗಿಲಮು ಏನೂ ಗೊತ್ತಿರಲಿಲ್ಲ, ಗೊತ್ತಿದೆ ಅಂತ ಅವರು ಯಾವತ್ತೂ ಹೇಳಿಕೊಂಡವರೂ ಅಲ್ಲ.

“ನನಗ ಗೊತ್ತಿಲ್ಲರಿ ಸಾಹೇಬ್ರ. ಹೊರಗ ಹೋಗಬಾರದು ಅಂತ ಯಾವ ಕಲಮಿನಾಗ ಐತಿ, ಅದನ್ನ ನೀವು ತೋರಸ್ರಿ. ನಾ ಕುಂದರತೀನಿ.”

ಸಾಹೇಬರು ಪುಸ್ತಕದ ಹಾಳೆ ತಿರುವಿದರು, ಮತ್ತೆ ತಿರುವಿದರು. ಚಹಾ ತರಿಸಿ ಎಂದರು. ಅಷ್ಟಕ್ಕೆ ವಿಚಾರಣೆ ಮುಗಿಯಿತು.

ಮುಂದಿನ ಇಲೆಕ್ಷನ್ನಿನಲ್ಲಿ ಸಾವಕಾರರು ಬೇರೆ ಹೆಣ್ಣುಮಗಳನ್ನು ನಿಲ್ಲಿಸಿದರು. ಸಣ್ಣತ್ತಿ ಸೋತರು, ಬಹಳ ಸೋತರು. ಕಟ್ಟೆಯ ಚೇಷ್ಟೆ ನೋಡಿ ನಕ್ಕವರು ಓಟು ಹಾಕುವಾಗ ತಮ್ಮ ತಮ್ಮ ಅಳಿಯ, ಮೈದುನರನ್ನು ನೆನೆಸಿಕೊಂಡಿರಬೇಕು. ನಾವು ಓಣಿಯ ಹೆಣ್ಣುಮಕ್ಕಳು ಮಾತಾಡಿಸಲು ಹೋದರೆ ಅವರು ಸೋತವರ ಹಾಗಿರಲಿಲ್ಲ. ಹೊಸ ಮುನಸಿಪಾಲಿಟಿಯ ಮೊದಲ ಮೀಟಿಂಗಿನ ದಿನ ಸಂಚಿ ತೆಗೆದುಕೊಂಡು ಹೊರಟರು. ಎಲ್ಲಿಗೆ ಎಂದು ಕೇಳಿದೆ.

“ಒಳಗಿನ ಕುರ್ಚಿ ಹೋತು. ಕಟ್ಟಿ ಎಲ್ಲಿ ಹೋಗತೈತಿ?”

ಹೋಗಿ ಬೇವಿನ ಕೆಳಗೆ ಕೂತರು, ಮುಖ ಬಾಗಿಲ ಕಡೆ. ಯಾರು ಹೊರಗೆ ಬರಬೇಕಿತ್ತು, ಯಾರು ಬರಲಿಲ್ಲ ಎಂದು ನೋಡುತ್ತ. ಅವರು ಕೂತಿದ್ದಾರೆಂದರೆ ಬರಬೇಕಾದವರು ಬಂದು, ಸ್ವಲ್ಪ ಸರೀರಿ ಮೆಂಬರವ್ವ ಅಂದು ಪಕ್ಕದಲ್ಲಿ ಕೂಡುತ್ತಿದ್ದರು. ಅವರಿಗೆ ಎಲೆ ಅಡಿಕೆ ಸಿಗುತ್ತಿತ್ತು. ಬಾರದವರ ಮೋರೆಯನ್ನು ಮೀಟಿಂಗ್ ಮುಗಿದ ಮೇಲೆ ಮೆಟ್ಟಿಲ ಕೆಳಗೆ ನಿಂತು ನೋಡುತ್ತಿದ್ದರು. ಮಂಡಿ ಹಿಡಿದುಕೊಂಡು ಏಳಲಾರದಂತೆ ಆಗುವ ತನಕ ಒಂದು ಮೀಟಿಂಗನ್ನೂ ಬಿಡಲಿಲ್ಲ.

ಇನ್ನು ನಮ್ಮ ಮನೆಯ ಮಾತು. ನಾಕಾ ಕೆಲಸ ಹೋದ ಮೇಲೆ, ಒಂದು ದಿನ ಬೆಳಿಗ್ಗೆ ಸಣ್ಣತ್ತಿ ತಲೆಯ ಮೇಲೆ ರಾಟಿ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಚಪ್ಪಲಿ ತುದಿ ಹೊರಗೆ ಮಾಡಿ ಬಿಟ್ಟರು. ಪಡಸಾಲೆಯ ಮೂಲೆಯಲ್ಲಿ ರಾಟಿ ಇಟ್ಟು, ನಾನು ಬೇರೆಯವರಿಗೆ ಸುತ್ತಿಕೊಡಲು ತಂದಿದ್ದ ನೂಲು ಎಳೆದುಕೊಂಡು ಲಾಳಿಗೆ ಹಾಕುವ ಕಂಡಿಕೆ ಸುತ್ತತೊಡಗಿದರು. ಅತ್ತಿಯವರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, ನನ್ನ ಕಡೆ ತಿರುಗಿದರು.

“ಆಕಿಗೆ ಹೇಳು, ನಮ್ಮನಿಗೆ ಯಾರೂ ಬರೂದು ಬ್ಯಾಡ ಅಂತ.”

ಇಬ್ಬರ ನಡುವೆ ನಾಲ್ಕು ಮಾರು ಅಂತರವಿಲ್ಲ. ನಾನು ಸಣ್ಣತ್ತಿಯ ಮುಖ ನೋಡಿದೆ. “ನಿಮ್ಮತ್ತಿಗೆ ಹೇಳು, ನಾ ಬಂದಿಲ್ಲ, ರಾಟಿ ಬಂದೈತಿ ಅಂತ,” ಅಂದರು ಅವರು, ಕೈ ನಿಲ್ಲಿಸದೆ.

ಮರುದಿನವೂ ಬಂದರು, ಅದರ ಮರುದಿನವೂ. ಮಧ್ಯಾಹ್ನದ ತನಕ ಸುತ್ತಿ ಹೋಗುವರು. ಅವರು ಸುತ್ತಿದ ಕಂಡಿಕೆಯ ಕೂಲಿ ನಮಗೇ. ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಸಲ ನಾನು, ಆವತ್ತು ಕೈ ಎತ್ತಿದ್ದರೆ ಇಷ್ಟು ತ್ರಾಸು ಇರುತ್ತಿರಲಿಲ್ಲವಲ್ಲ ಅಂದೆ. “ತ್ರಾಸು ಇರಲಿ. ಅದು ನನ್ನ ಕೈಗೆ ಇರಲಿ. ಕೈ ಎತ್ತಿ ಕಳಕೊಳ್ಳೂದಕ್ಕಿಂತ ಕೈಲೆ ದುಡದು ಕೊಡೂದು ಛಲೋ,” ಅಂದರು. ರಾಟಿ ಮತ್ತೆ ತಿರುಗಿತು.

ಅಕ್ಕತಂಗಿಯರ ಮಾತೆಲ್ಲ ನನ್ನ ಮೂಲಕವೇ ನಡೆಯಿತು, ಇಷ್ಟು ವರ್ಷ. ಆಕಿಗೆ ಹೇಳು, ನೂಲು ಕೊಳಿ ಆಗೈತಿ. ನಿಮ್ಮತ್ತಿಗೆ ಹೇಳು, ಕಣ್ಣು ಮಂದ ಆದವರು ನೂಲಿನ ಮಾತು ಆಡಬಾರದು. ಆಕಿಗೆ ಹೇಳು, ಬಾಯಿ ಸಣ್ಣದು ಮಾಡು, ಕೂಸು ಮಲಗೈತಿ. ನಾನು ಮೊದಮೊದಲು ನಿಜವಾಗಿಯೂ ಹೇಳುತ್ತಿದ್ದೆ. ಆಮೇಲೆ ಸುಮ್ಮನೆ ನಡುವೆ ಕೂತು ಕಾಳು ಹಸನು ಮಾಡುತ್ತಿದ್ದೆ. ನಾನು ಕೂತಿದ್ದರೆ ಸಾಕಾಗಿತ್ತು. ಯಾವಾಗಿನಿಂದಲೋ ನೆನಪಿಲ್ಲ, ಅತ್ತಿಯವರು ಮಧ್ಯಾಹ್ನ ಒಂದು ರೊಟ್ಟಿ ಬೇರೆ ತಟ್ಟೆಯಲ್ಲಿ ಮುಚ್ಚಿಡತೊಡಗಿದರು. ಆಕಿಗೆ ಹೇಳು, ರೊಟ್ಟಿ ಆರತಾವು. ಆದರೆ ತಂಗಿಯ ಮನೆಯ ನೀರನ್ನು ಮಾತ್ರ ಕುಡಿಯಲಿಲ್ಲ. ಹೋದ ವಾರ ಅಲ್ಲಿ ತಂಗಿಯ ತಲೆದೆಸೆಗೆ ಕೂತಿದ್ದಾಗಲೂ, ಯಾರೋ ತಂದ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದರು. ಮೊನ್ನೆ ಆ ಮನೆಗೆ ಬೀಗ ಹಾಕುವಾಗ ಅಲ್ಲಿ ತುಂಬಿದ್ದ ಕೊಡವನ್ನು ಚೆಲ್ಲಲು ಮನಸ್ಸಾಗದೆ ಹೊತ್ತು ತಂದು ನಮ್ಮ ಮನೆಯಲ್ಲಿ ಇಟ್ಟೆವು.

ನಮ್ಮ ಮನೆಯವರು ಹಾಸಿನ ಕೆಲಸದಿಂದ ನೇಕಾರರ ಸೊಸಾಯಿಟಿಗೆ ಸೇರಿದರು, ಅಲ್ಲಿಂದ ಈಗ ಊರವರೇ ಮೆಂಬರ ಮಾಡಿ ಕಳಿಸಿದ್ದಾರೆ. ಇವತ್ತಿನ ಮೀಟಿಂಗಿನಲ್ಲಿ ಇದ್ದದ್ದು ಸಣ್ಣತ್ತಿಯದೇ ಮಾತು. ಬೇವಿನ ಕಟ್ಟೆಗೆ ಸಿಮೆಂಟು ಮಾಡಿಸಿ, ಅವರ ಹೆಸರಿನ ಕ‌ಲ್ಲು ಕೂಡಿಸಬೇಕು ಎಂಬ ಠರಾವನ್ನು ಯಾರೋ ತಂದಿದ್ದರು. ಬೇಡ ಎನ್ನುವವರೂ ಕಡಿಮೆ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಬೆವರಿದವರು ಇನ್ನೂ ಇದ್ದಾರೆ. ಹೊರಡುವಾಗ ನಮ್ಮ ಮನೆಯವರು ಹೊಲಿಸಿ ತಂದ ಚಪ್ಪಲಿ ಮೆಟ್ಟಿ, ಉಂಗುಟ ಎಳೆದು ನೋಡಿ, ಗಟ್ಟಿ ಐತಿ ಅಂದರು. ಅತ್ತಿಯವರು ಬಾಗಿಲ ತನಕ ಬಂದು ನಿಂತಿದ್ದರು.

ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರು. ಕಾಲು ತೊಳೆದುಕೊಂಡು ಒಳಗೆ ಬಂದು ಕೂತು, ಅದು ಬಿತ್ತು ಅಂದರು. ಎಷ್ಟರಿಂದ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಒಂದು ಕೈ.

“ನಿಂದು?” ಅಂದರು ಅತ್ತಿಯವರು.

“ನಾ ಕಟ್ಟಿಮ್ಯಾಲೆ ಇದ್ದೆ ಬೇ. ನಮ್ಮ ಚಿಗವ್ವನ ಮಾತು. ನಾ ಹೆಂಗ ಒಳಗ ಕುಂದರಲಿ?” ಈಗಿನ ಪ್ರೆಸಿಡೆಂಟರು ಕಿಟಕಿಯಿಂದಲೇ ಕರೆದರಂತೆ, ಇದೊಂದು ಸಲ ಒಳಗೆ ಬಾರಪ್ಪ, ಸತ್ತವರ ಮಾತು, ಯಾರೂ ಏನೂ ಅನ್ನುವುದಿಲ್ಲ ಎಂದು. ಇವರು ಏಳಲಿಲ್ಲವಂತೆ.

ಅತ್ತಿಯವರು ಮಗನ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ, ಮೂಲೆಯ ರಾಟಿಯತ್ತ ಗದ್ದ ಎತ್ತಿದರು.

“ಆಕಿಗೆ ಹೇಳು. ಕಲ್ಲು ಬರಲಿಲ್ಲ. ಹುಡುಗ ಎದ್ದು ಹೋದ ಅಂತ ಹೇಳು.”

ನಾನು ರಾಟಿಯ ಕಡೆ ತಿರುಗಿ ಹೇಳಿದೆ. ನಮ್ಮ ಮನೆಯವರು ನಗಲಿಲ್ಲ. ಅತ್ತಿಯವರು ಎದ್ದು ಹೋಗಿ, ಸಣ್ಣತ್ತಿಯ ಮನೆಯಿಂದ ನಾವು ತಂದಿಟ್ಟಿದ್ದ ನೀರಿನ ಕೊಡದಿಂದ ಒಂದು ತಂಬಿಗೆ ಬಗ್ಗಿಸಿಕೊಂಡು, ನಿಂತೇ ಕುಡಿದರು.

ಆಮೇಲೆ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಅತ್ತಿಯವರು ಒಂದು ರೊಟ್ಟಿ ಹೆಚ್ಚಿಗೆ ತಿಂದರು. ತಂಗಿಗೆಂದು ಇವತ್ತೂ ಮುಚ್ಚಿಟ್ಟಿದ್ದ ತಟ್ಟೆಯದು. ದಿನಾ ಎಲ್ಲರಿಗಿಂತ ಕೊನೆಗೆ ನಿದ್ದೆ ಹೋಗುವವರು, ಇವತ್ತು ನಾನು ಒಲೆ ಸಾರಿಸುವುದರೊಳಗೆ ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದರು.